ಅಲುಗದೆ ನಿಲ್ಲುವ ಯಂತ್ರ

ಅಣೆಕಟ್ಟಿನ ಬಾಗಿಲುಗಳನ್ನು ಪರೀಕ್ಷಿಸಲು ಇನ್ನು ಮುಂದೆ ಯಾವ ಮನುಷ್ಯನೂ ನೀರಿಗಿಳಿಯಕೂಡದೆಂದು ಇಲಾಖೆ ತೀರ್ಮಾನಿಸಿ, ದಡದಿಂದಲೇ ನಡೆಸಬಹುದಾದ ನೀರೊಳಗಿನ ಯಂತ್ರವೊಂದನ್ನು ತರಿಸಿತು. ಎಲ್ಲರಿಗಿಂತ ಹೆಚ್ಚು ಸಂತೋಷಪಟ್ಟವಳು ಆ ಯಂತ್ರದ ಚಲನೆಯ ಲೆಕ್ಕ ಬರೆಯುತ್ತಿದ್ದ ಎಂಜಿನಿಯರಮ್ಮ. ಇಲಾಖೆಯ ಮುಳುಗುಗಾರ ಅವಳ ಗಂಡನೇ. ನೀರಿನ ಒತ್ತಡಕ್ಕೆ ಅವನ ಎಡಗಿವಿ ಆಗಲೇ ಕೈಕೊಟ್ಟಿತ್ತು. ಬಲಗಿವಿಯಾದರೂ ಉಳಿಯಲಿ ಎಂದು ಅವಳು ಜೀವ ಕೈಯಲ್ಲಿ ಹಿಡಿದುಕೊಂಡು ಕಾದಿದ್ದಳು.

ಲೆಕ್ಕದಲ್ಲಿ ಯಂತ್ರದ ತೂಕ, ತೇಲುವ ಬಲ, ಪಂಖಗಳ ನೂಕು ಎಲ್ಲ ಇದ್ದವು. ನೀರಿನ ಸೆಳೆತವನ್ನು ಮಾತ್ರ ಅವಳ ವಿಭಾಗದ ಮುಖ್ಯಸ್ಥರು ಹೊಡೆದುಹಾಕಿದರು.

"ಸೆಳೆತ ನಮ್ಮ ವಿಭಾಗದ್ದಲ್ಲಮ್ಮ, ಹರಿವಿನ ವಿಭಾಗದ್ದು. ನಾವು ಕೈಹಾಕಿದ್ರೆ ಅವರು ಸುಮ್ನಿರ್ತಾರಾ?"

"ಸರ್, ಯಂತ್ರ ಕೊಚ್ಕೊಂಡು ಹೋಗುತ್ತೆ."

"ಹೋದ್ರೆ ಅವರ ವಿಭಾಗಕ್ಕೆ ತಾನೇ ಹೋಗೋದು?"

ಪ್ರದರ್ಶನದ ದಿನ ಯಂತ್ರ ಬಾಗಿಲ ಮುಂದೆ ಒಂದು ಗಳಿಗೆಯೂ ನಿಲ್ಲದೆ ಓಟ ಕಿತ್ತಿತು. ಮಂಜೂರಾದ ಲೆಕ್ಕದ ಪ್ರಕಾರ ಅದು ನಿಂತೇ ಇರುವುದರಿಂದ, ಅದನ್ನು ನಿಲ್ಲಿಸುವುದು ಆಡಳಿತದ ಕರ್ತವ್ಯವಾಯಿತು. ಮುಳುಗುಗಾರನನ್ನು ಕರೆಸಿ, ನೀರಿಗಿಳಿಸಿ, ಯಂತ್ರವನ್ನು ಗಟ್ಟಿಯಾಗಿ ಅವುಚಿಕೊಳ್ಳಲು ಹೇಳಿದರು. ದಡದಲ್ಲಿಟ್ಟಿದ್ದ ಪರದೆಯ ಮೇಲೆ ಯಂತ್ರದ ಕ್ಯಾಮೆರಾ ಕಳಿಸಿದ ಚಿತ್ರ ಒಂದಿಷ್ಟೂ ಅಲುಗಲಿಲ್ಲ. ಎಲ್ಲರೂ ಚಪ್ಪಾಳೆ ತಟ್ಟಿದರು. ಅವಳು ಮಾತ್ರ ಮುಖ್ಯಸ್ಥರ ಬಳಿಗೆ ಓಡಿದಳು.

"ಮನುಷ್ಯರು ಇಳಿಯಬಾರದು ಅಂತ ಆದೇಶ ಇದೆಯಲ್ಲ ಸರ್?"

"ಪರೀಕ್ಷೆ ಮಾಡೋಕೆ ಇಳಿಯಬಾರದು ಅಂತ ಇದೆ. ಇವರೆಲ್ಲಿ ಪರೀಕ್ಷೆ ಮಾಡ್ತಿದ್ದಾರೆ? ಹಿಡ್ಕೊಂಡಿದ್ದಾರೆ, ಅಷ್ಟೆ."

ಮರುವಾರ ಪ್ರಕಟಣೆ ಹೊರಬಿತ್ತು: 'ಸದರಿ ಮುಳುಗುಗಾರರನ್ನು ಇಂದಿನಿಂದ ಯಂತ್ರದ ಬಿಡಿಭಾಗವೆಂದು ಪರಿಗಣಿಸತಕ್ಕದ್ದು. ಅವರ ತೂಕವನ್ನು ಲೆಕ್ಕಕ್ಕೆ ಸೇರಿಸತಕ್ಕದ್ದು. ಮಂಜೂರಾದ ಬಳಿಕ ಸದರಿ ತೂಕವು ಯಾವುದೇ ಕಾರಣಕ್ಕೂ ಬದಲಾಗಕೂಡದು.' ಬಿಡಿಭಾಗಗಳಿಗೆ ಕಿವಿ ಇರುವುದಿಲ್ಲವಾದ್ದರಿಂದ ಕಿವಿನೋವಿನ ರಜೆಯೂ ರದ್ದಾಯಿತು.

ಅವಳು ಅತ್ತಳು, ಮುಖ್ಯಸ್ಥರ ಕೋಣೆಯಲ್ಲಿ ಜಗಳ ಕಾದಳು. ಏನೂ ಗಿಟ್ಟಲಿಲ್ಲ. ಲೆಕ್ಕ ತಪ್ಪಿದರೆ ಕೊಚ್ಚಿಹೋಗುವವನು ತನ್ನ ಗಂಡನೇ ಎಂದುಕೊಂಡು, ಕೊನೆಗೆ ಅವನ ತೂಕವನ್ನು ತಾನೇ ಜೋಪಾನವಾಗಿ ಸೇರಿಸಿದಳು.

ಈಗ ಊಟಕ್ಕೆ ಕೂತಾಗ ಅವನು ಇನ್ನೊಂದು ಸೌಟು ಕೇಳಿದರೆ ಅವಳು ಪಾತ್ರೆ ಮುಚ್ಚುತ್ತಾಳೆ. "ಮಂಜೂರಾಗಿರೋದು ಇಷ್ಟೇ ರೀ!" ಎಂದು ಕೂಗಿ ಹೇಳಬೇಕಾಗುತ್ತದೆ, ಮೆಲ್ಲಗೆ ಹೇಳಿದರೆ ಅವನಿಗೀಗ ಕೇಳಿಸುವುದಿಲ್ಲ.

"ಕೆಲಸ ಗಟ್ಟಿ ತಾನೇನಮ್ಮ?" ಎಂದು ಅತ್ತೆ ಕೇಳಿದರು.

"ಗಟ್ಟಿ ಅತ್ತೆ. ಯಂತ್ರದ ಜೊತೆ ಇವರಿಗೂ ಐದು ವರ್ಷ ವಾರಂಟಿ ಕೊಟ್ಟಿದ್ದಾರೆ."

ಅತ್ತೆಯ ಕಣ್ಣು ತುಂಬಿ ಬಂತು.

"ಹೆತ್ತ ನಾನೇ ಅಷ್ಟು ಕೊಟ್ಟಿರ್ಲಿಲ್ಲ."