ಮಾವನ ಕೋಣೆಯ ಗುಳುಕ್

೨೦೦೬ರ ಜುಲೈ ೮, ಶನಿವಾರ, ಬೆಳಿಗ್ಗೆ ಆರು ಗಂಟೆ ನಲವತ್ತು ನಿಮಿಷ. ಸಿಡ್ನಿಯ ಬ್ಲ್ಯಾಕ್‌ಟೌನ್‌ನ ಬಾಡಿಗೆ ಮನೆಯಲ್ಲಿ ನಾನು ಇಪ್ಪತ್ತಮೂರು ಲೀಟರಿನ ಡ್ರಮ್ಮೊಂದಕ್ಕೆ ಕಂಬಳಿ ಹೊದಿಸುತ್ತಿದ್ದೆ. ಮೆಲ್ಬರ್ನಿನ ವೆರಿಬೀಯಲ್ಲಿರುವ ಗೆಳೆಯ ಯತೀಶ್ ಮನೆಯಲ್ಲೇ ಶೇಕಡಾ ಆರು ಆಲ್ಕೋಹಾಲಿನ ಬಿಯರ್ ಮಾಡಿದ್ದ. ರಸಾಯನಶಾಸ್ತ್ರದ ಎಂ.ಎಸ್ಸಿ. ಆದ ನಾನು ಸುಮ್ಮನಿರುವುದುಂಟೆ? ಬಿಯರಿನ ಅಣ್ಣನಂಥ ಗಟ್ಟಿ ಏಲ್, ಅದೂ ಎಂಟೂವರೆಯದು, ಮಾಡಿಯೇ ತೀರುತ್ತೇನೆಂದು ಫೋನಿನಲ್ಲೇ ಘೋಷಿಸಿದ್ದೆ.

ಅದನ್ನು ಹುದುಗಿಸುವ ಯೀಸ್ಟಿಗೆ ಇಪ್ಪತ್ತು ಡಿಗ್ರಿ ಬೇಕು. ಜುಲೈ ಚಳಿಯಲ್ಲಿ ಮನೆಯೊಳಗೆ ಅಷ್ಟು ಬೆಚ್ಚಗಿದ್ದದ್ದು ಬಿಸಿನೀರಿನ ಟ್ಯಾಂಕಿರುವ ಗೋಡೆಕಪಾಟು ಒಂದೇ. ಅದಿದ್ದದ್ದು ಅತಿಥಿಗಳ ಕೋಣೆಯಲ್ಲಿ. ಅತಿಥಿಯೋ, ಅಂದು ಹತ್ತು ಗಂಟೆಗೆ ಬಂದಿಳಿಯಲಿದ್ದ ನನ್ನ ಮಾವ ಗುರುಶಾಂತಪ್ಪನವರು. ಗದಗಿನ ನಿವೃತ್ತ ಅಬಕಾರಿ ಇನ್‌ಸ್ಪೆಕ್ಟರ್. ಕುಡಿಯುವವರಿಗೆ ಮಗಳನ್ನು ಕೊಡುವುದಿಲ್ಲವೆಂದು ಮೂರು ಸಂಬಂಧ ವಾಪಸು ಕಳಿಸಿದವರು.

"ಅಪ್ಪ ಬರೋ ದಿನಾನ ಬೇಕಿತ್ತೇನ್ರಿ ಇದು?" ಎಂದಳು ನನ್ನ ಹೆಂಡತಿ ಸುಜಾತಾ.

"ಇವತ್ತಿಗೆ ನಾಲ್ಕನೇ ದಿನ ಕಣೇ. ಈಗ ಅಲ್ಲಾಡಿಸಿದ್ರೆ ಕೆಡುತ್ತೆ. ಕಪಾಟಿಗೆ ಬೀಗ ಹಾಕ್ತೀನಿ, ಅಷ್ಟೆ."

"ಬೀಗ ನೋಡಿದ್ರ ಅಪ್ಪಗ ಸರ್ವೀಸ್ ನೆನಪಾಗ್ತೈತಿ."

ಬೀಗ ಹಾಕಿದೆ. ಆದರೆ ಡ್ರಮ್ಮಿನ ಮುಚ್ಚಳದ ಕೊಳವೆಯಿಂದ 'ಗುಳುಕ್' ಎಂದು ಹೊರಬರುವ ಗಾಳಿಗೆ ಬೀಗ ಹಾಕಲಾಗಲಿಲ್ಲ.

ಮಾವ ಬಂದರು, ಮಿಂದರು, ಅದೇ ಕೋಣೆಯಲ್ಲಿ ಲಿಂಗಪೂಜೆಗೆ ಕುಳಿತರು. ಅರ್ಧ ಗಂಟೆಯ ಮೇಲೆ ಹೊರಬಂದರು.

"ಅಳಿಯಂದ್ರ, ನಿಮ್ಮ ಕಪಾಟಿನ್ಯಾಗ ಏನೋ ಉಸಿರಾಡಾಕತ್ತೈತಿ. ನಿಮಿಷಕ್ಕ ಹದಿನಾಲ್ಕು ಸಲ."

ಬೆಳಿಗ್ಗೆ ನಾನು ಗಡಿಯಾರ ಹಿಡಿದು ಎಣಿಸಿದ್ದೂ ಹದಿನಾಲ್ಕೇ. ಅವರು ಕಣ್ಣು ಮುಚ್ಚಿ, ಮಂತ್ರದ ನಡುವೆ ಎಣಿಸಿದ್ದರು.

"ಅದು ಬಿಸಿನೀರಿನ ಟ್ಯಾಂಕು, ಮಾವ."

"ಹೌದಾ? ಈ ದೇಶದಾಗ ಟ್ಯಾಂಕಿಗೆ ಯೀಸ್ಟ್ ಹಾಕ್ತಾರೇನು? ಕೀಲಿ ಕೊಡ್ರಿ."

ಕೊಟ್ಟೆ. ಕಂಬಳಿ ಸರಿಸಿ, ಡ್ರಮ್ಮಿನ ನಲ್ಲಿಯಿಂದ ಲೋಟಕ್ಕೆ ಒಂದಿಷ್ಟು ಇಳಿಸಿದರು. "ನೀವು ಕುಡೀರಿ."

ಕುಡಿದೆ. ಸುಟ್ಟ ಬೆಲ್ಲದ ರುಚಿ, ಹಿಂದೆಯೇ ಕಹಿ, ಕಿವಿಯವರೆಗೂ ಬಿಸಿ. ಹೆಮ್ಮೆಯನ್ನು ಮುಖದಲ್ಲಿ ತೋರಿಸದಿರುವುದು ಕಷ್ಟವಾಯಿತು. ಮಾವ ಮಾತ್ರ ಎರಡು ಹನಿ ಅಂಗೈಗೆ ಹಾಕಿಕೊಂಡು, ಉಜ್ಜಿ, ಮೂಸಿದರು.

"ಏಳು. ಏಳರ ಮ್ಯಾಲ ಒಂದೀಟು. ಇನ್ನೂ ಏರತೈತಿ."

ಸಾಂದ್ರತೆಯ ಮಾಪಕ, ಎರಡು ಸೂತ್ರ, ಉಷ್ಣತೆಯ ತಿದ್ದುಪಡಿ ಎಲ್ಲ ಸೇರಿ ಅಂದು ಮುಂಜಾನೆ ನನಗೆ ಕೊಟ್ಟ ಉತ್ತರ ಏಳು ಪಾಯಿಂಟ್ ಎರಡು. ಆ ಅಂಗೈಯನ್ನೇ ನೋಡುತ್ತ ನಿಂತೆ. ಕಾಲಿಗೆ ಬೀಳಬೇಕೆನ್ನಿಸಿತು, ಕೈಯಲ್ಲಿ ಲೋಟವಿತ್ತು.

"ನೀವು ಯಾವತ್ತಾದ್ರೂ ರುಚಿ ನೋಡಿದ್ದೀರಾ, ಮಾವ?"

"ಮೂವತ್ತೊಂದು ವರ್ಷ ಹಿಡದೀನಿ. ಒಂದ್ ಹನಿ ನಾಲಿಗಿಗೆ ಹಚ್ಚಿಲ್ಲ. ನಿಮ್ಮ ಮಾಲು ಶುದ್ಧ ಐತಿ."

ಬಾಗಿಲಲ್ಲಿ ನಿಂತು ನೋಡುತ್ತಿದ್ದ ಸುಜಾತಾ ನಿಟ್ಟುಸಿರು ಬಿಟ್ಟಳು. ನಾನೂ ಬಿಟ್ಟೆ. ಇಬ್ಬರೂ ಸ್ವಲ್ಪ ಬೇಗ ಬಿಟ್ಟೆವು.

"ಲೆಕ್ಕದ ಮನುಷ್ಯಾರು ನೀವು. ಹೆಣ್ಣು ನೋಡಾಕ ಬಂದಾಗ, ವಾರಕ್ಕ ಎಷ್ಟ್ ಸಲ ಕುಡೀತೀರಿ ಅಂತ ಕೇಳಿದ್ದೆ. ಎದಿ ಉಬ್ಬಿಸಿ ಒಂದು ಅಂಕಿ ಹೇಳಿದ್ರಿ. ಎಷ್ಟದು?"

ಲೋಟವನ್ನು ಬೆನ್ನ ಹಿಂದೆ ಹಿಡಿದುಕೊಂಡು ಹೇಳಿದೆ: "ಸೊನ್ನೆ."