ಅಧ್ಯಕ್ಷರ ತಲೆಯ ಮೇಲಿನ ಗರಗಸ

ಇವತ್ತಾದರೂ ಗಂಭೀರವಾಗಿ ಇರಬೇಕು ಅಂತ ನಾನು ಹೊರಟ ದಿನವೇ ಯಾವುದಾದರೊಂದು ನಗೆಪಾಟಲು ನನ್ನ ವಿಳಾಸ ಕೇಳಿಕೊಂಡು ಬಂದುಬಿಡುತ್ತದೆ. ಮಂಡ್ಯದ ಕಡೆಯ ಹಳ್ಳಿಯಲ್ಲಿ ಏಳನೇ ಕ್ಲಾಸಿಗೆ ಶಾಲೆ ಬಿಟ್ಟವಳು ನಾನು. ಈಗ ಅಮೆರಿಕದಲ್ಲಿ, ಸ್ಯಾನ್ ಫ್ರಾನ್ಸಿಸ್ಕೋ ಸೀಮೆಯ ಕ್ಯಾಂಪ್‌ಬೆಲ್‌ನಲ್ಲಿ, ಪುಟ್ಟ ಮಕ್ಕಳನ್ನು ನೋಡಿಕೊಳ್ಳುವ ನನ್ನದೇ ಡೇಕೇರ್ ನಡೆಸುತ್ತೇನೆ. ಇಂಗ್ಲಿಷನ್ನು ಯಾರೂ ಕಲಿಸಲಿಲ್ಲ. ಹಳೆಯ ಪೇಪರುಗಳ ಕಾಮಿಕ್ಸ್ ಬರೆದವರೇ ನನ್ನ ಮೇಷ್ಟ್ರುಗಳು. ಆ ಮೇಷ್ಟ್ರುಗಳಿಂದ ಆದ ಫಜೀತಿಗಳಲ್ಲಿ ನಾಲ್ಕನ್ನು ಇಲ್ಲಿ ಹೇಳುತ್ತೇನೆ.

ಕಪ್ ಬೇಡ, ಕಾಗದ ಕೊಡಿ

ಶುರುವಾಗಿದ್ದು ನಮ್ಮ ಬೀದಿಯಲ್ಲಿ, ಮನೆಯ ಹಳೇ ಸಾಮಾನು ಮಾರುವ ಗರಾಜ್ ಸೇಲಿನಲ್ಲಿ. ಒಬ್ಬ ಅಮೆರಿಕನ್ ತಾತ ಪಿಂಗಾಣಿ ಕಪ್‌ಗಳನ್ನು ಮಾರಲು ಇಟ್ಟಿದ್ದ. ಯಾವ ಕಾಲದಲ್ಲೋ ಅವನ ತಾಯಿ ಒಂದೊಂದಕ್ಕೂ ಪೇಪರು ಸುತ್ತಿದ್ದಳು. ಬಿಡಿಸಿದರೆ ಒಳಗೆ ಭಾನುವಾರದ ಬಣ್ಣದ ಕಾಮಿಕ್ ಪುಟ! ಜನರ ಬಾಯಿಂದ ಬಲೂನಿನಂತೆ ಮಾತು ಹೊರಬರುತ್ತಿತ್ತು. ಏಟು ತಿಂದವನ ತಲೆಯ ಸುತ್ತ ನಕ್ಷತ್ರಗಳು ತಿರುಗುತ್ತಿದ್ದವು. ಅಕ್ಷರ ಕೂಡಿಸಿ ಓದುವ ಮೊದಲೇ ಅರ್ಧ ಕಥೆ ಅರ್ಥವಾಯಿತು. ಎಲ್ಲ ಕಪ್‌ಗಳನ್ನೂ ಬಿಚ್ಚಿ ಮೇಜಿನ ಮೇಲೆ ಸಾಲಾಗಿ ಇಟ್ಟೆ, ಪೇಪರುಗಳನ್ನು ಮಡಿಸಿಕೊಂಡೆ.

"ಕಪ್ ಇಲ್ಲೇ ಬಿಟ್ಟೆಯಲ್ಲಮ್ಮಾ?" ಅಂತ ತಾತ ತನ್ನ ಭಾಷೆಯಲ್ಲಿ ಕೇಳಿದ.

"ಕಪ್ ಮನೆಯಲ್ಲಿದೆ. ಇದು ಇಲ್ಲ" ಅಂತ ನನಗೆ ಬರುವ ಇಂಗ್ಲಿಷಿನಲ್ಲಿ ಹೇಳಿದೆ.

ಅವನು ಕಾಗದವನ್ನು ಸುಮ್ಮನೇ ಕೊಟ್ಟು, ನಾನು ಬೀದಿ ತಿರುಗುವವರೆಗೂ ನೋಡುತ್ತಾ ನಿಂತಿದ್ದ. ಅವನ ತಲೆಯ ಮೇಲೆ ಒಂದು ದೊಡ್ಡ ಪ್ರಶ್ನೆ ಚಿಹ್ನೆ ಬರೆಯುವುದಷ್ಟೇ ಬಾಕಿ ಇತ್ತು.

ನಿದ್ದೆಯಲ್ಲೂ ದುಡಿಯುವವನು

ಡಿಕ್ಷನರಿ ಪಕ್ಕದಲ್ಲಿಟ್ಟುಕೊಂಡು ಒಂದೊಂದೇ ಪುಟ ಓದಿದೆ. ಒಂದರಲ್ಲಿ ಒಬ್ಬ ಮಲಗಿದ್ದಾನೆ, ಅವನ ತಲೆಯ ಮೇಲೆ ಗರಗಸವೊಂದು ಮರದ ದಿಮ್ಮಿ ಕೊಯ್ಯುತ್ತಿದೆ. ನನ್ನ ಕಣ್ಣು ತುಂಬಿ ಬಂತು.

"ನೋಡ್ರೀ, ಇವನು ಬಡಗಿ. ಕನಸಲ್ಲೂ ಪಾಪ ಕೆಲಸವೇ! ನೀವೂ ಇದ್ದೀರಿ, ಹಗಲೆಲ್ಲ ಸೋಫಾ ಕಾಯ್ಕೊಂಡು" ಅಂತ ನಮ್ಮ ಯಜಮಾನರಿಗೆ ಒಂದು ವಾರ ಆ ಬಡಗಿಯನ್ನು ತೋರಿಸಿ ತೋರಿಸಿ ಚುಚ್ಚಿದೆ.

ಶನಿವಾರ ಸ್ಯಾನ್ ಮಟಿಯೋದಿಂದ ಮಗಳು ಬಂದಳು. ಚಿತ್ರ ನೋಡಿ ಹೊಟ್ಟೆ ಹಿಡಿದುಕೊಂಡು ನಕ್ಕಳು. "ಅಮ್ಮಾ, ಹೀ ಈಸ್ ಜಸ್ಟ್ ಸ್ನೋರಿಂಗ್! ಗೊರಕೆ ಸೌಂಡಿಗೆ ಹಾಗೆ ಡ್ರಾ ಮಾಡ್ತಾರೆ."

ಸೋಫಾದಿಂದ ದನಿ ಬಂತು: "ಹಂಗಾದ್ರೆ ನಾನೂ ಇಷ್ಟು ವರ್ಷ ಹಗಲೂ ರಾತ್ರಿ ದುಡಿದಿದ್ದೀನಿ ಕಣೇ!"

ಅಜ್ಜಿ ಓದಿದ ಚಿತ್ರ

ನಮ್ಮ ಡೇಕೇರ್ ಮಕ್ಕಳಿಗೆ ಓದಲು ಬಾರದು. ಹಾಗಾಗಿ ನಿಯಮಗಳನ್ನು ನಾನೇ ಕಾಮಿಕ್ಸ್ ಮಾಡಿ ಗೋಡೆಗೆ ಅಂಟಿಸಿದೆ. ಮೇಲೆ ಎರಡು ಚೌಕ, ಕೆಳಗೆ ಎರಡು. ಬೂಟು ಬಿಚ್ಚು, ಕೈ ತೊಳೆ, ಊಟ ಮಾಡು, ಮಲಗು. ಹಾಸನದಿಂದ ಬಂದಿದ್ದ ಒಬ್ಬ ಅಜ್ಜಿ ಅದನ್ನು ಅಡ್ಡಕ್ಕೆ ಓದದೆ ಮೇಲಿನಿಂದ ಕೆಳಕ್ಕೆ ಓದಿ, ಮೊಮ್ಮಗನಿಗೆ ಬಾಯಿಪಾಠ ಮಾಡಿಸಿದರು. ಆ ಮಗು ಬೂಟು ಬಿಚ್ಚಿದ್ದೇ ತಟ್ಟೆಯ ಮುಂದೆ ಕೂತು, ಉಂಡ ಮೇಲೆ ಕೈ ತೊಳೆಯತೊಡಗಿತು.

ಕಾಮಿಕ್ಸ್ ಹೊಸದಾಗಿದ್ದ ಕಾಲದಲ್ಲಿ ಎಷ್ಟೋ ಕಲಾವಿದರು ಚೌಕಗಳಿಗೆ ನಂಬರು ಹಾಕುತ್ತಿದ್ದರು ಅಂತ ಲೈಬ್ರರಿ ಪುಸ್ತಕದಲ್ಲಿ ಓದಿದ್ದೆ. ಅವರಿಗೂ ಇಂಥ ಅಜ್ಜಿಯರು ಸಿಕ್ಕಿರಬೇಕು. ನಾನೂ ಒಂದು, ಎರಡು, ಮೂರು, ನಾಲ್ಕು ಅಂತ ಹಾಕಿದೆ.

ಅಜ್ಜಿ ಕನ್ನಡಕ ಏರಿಸಿ ನೋಡಿದರು. "ಈಗ ಸರಿಯಾಯ್ತು ಕಣವ್ವ. ಇಷ್ಟು ದಿನ ತಪ್ಪು ಬರ್ದಿದ್ದೆ ನೀನು."

ಅಧ್ಯಕ್ಷರ ಪ್ರಶ್ನೆ

ನಮ್ಮ ಕನ್ನಡ ಬಳಗದ ತಿಂಗಳ ಉಪನ್ಯಾಸಕ್ಕೆ "ಈ ಸಲ ನಾನು ಕಾಮಿಕ್ಸ್ ಬಗ್ಗೆ ಮಾತಾಡ್ತೀನಿ" ಅಂದೆ. ಡ್ಯಾನ್‌ವಿಲ್‌ನಲ್ಲಿರುವ ಹಿರಿಯರೊಬ್ಬರು ಫೋನು ಮಾಡಿದರು. ಧಾರವಾಡದ ಕಡೆಯವರು, ಡಾಕ್ಟರೇಟ್ ಮಾಡಿದ ಎಂಜಿನಿಯರು.

"ಅಕ್ಕಾರ, ಇದು ಓದಿದವರ ವೇದಿಕೆ ಅದ. ನೀವು ಊಟದ ವ್ಯವಸ್ಥಾ ನೋಡ್ಕೋರಿ."

"ಊಟಾನೂ ಹಾಕ್ತೀನಿ, ಮಾತೂ ಆಡ್ತೀನಿ ಸರ್."

"ಆತು. ಆದ್ರ ಅಧ್ಯಕ್ಷ ನಾನಽ. ಕಡೀಕ ನಿಮ್ಮ ತಪ್ಪೆಲ್ಲಾ ಎಲ್ಲಾರ ಮುಂದ ತಿದ್ದಾಂವ."

ಒಂದು ತಿಂಗಳು ನನಗೆ ಅನ್ನ ರುಚಿಸಲಿಲ್ಲ. ಕೇಳಲು ಬರುವವರೆಲ್ಲ ನನ್ನ ಡೇಕೇರ್ ಮಕ್ಕಳ ಅಪ್ಪ ಅಮ್ಮಂದಿರು. ಅವರೆದುರು ಒಂದು ತಪ್ಪು ಸಿಕ್ಕಿದರೂ, ಓದದವಳು ಅನ್ನುವ ಮಾತು ಗಟ್ಟಿಯಾಗಿ ಅಂಟಿಕೊಳ್ಳುತ್ತದೆ. ಲೈಬ್ರರಿಯಲ್ಲಿದ್ದ ಪುಸ್ತಕಗಳನ್ನೆಲ್ಲ ತಂದು ಓದಿದೆ.

ಅಂದು ಮೊದಲು ಊಟ. ಬಿಸಿಬೇಳೆ ಬಾತಿಗೆ ತುಪ್ಪವನ್ನು ನಾನು ಧಾರಾಳವಾಗಿಯೇ ಹಾಕಿದ್ದೆ. ಅಧ್ಯಕ್ಷರು ಎರಡು ಸಲ ಹಾಕಿಸಿಕೊಂಡು, ಮೊಸರನ್ನವನ್ನೂ ಮುಗಿಸಿ, ಶಾಲು ಹೊದ್ದು ವೇದಿಕೆಯ ಮೇಲೆ ಬಿಳಿ ಬೋರ್ಡಿನ ಮುಂದೆ ಕೂತರು.

ನಾನು ಶುರು ಮಾಡಿದೆ. ನಮ್ಮ ಸ್ಯಾನ್ ಫ್ರಾನ್ಸಿಸ್ಕೋದ ಪೇಪರಿನಲ್ಲೇ ಒಬ್ಬ ಕಲಾವಿದ ಕುದುರೆ ರೇಸಿನ ಹುಚ್ಚನೊಬ್ಬನ ಚಿತ್ರ ಬರೆಯುತ್ತಿದ್ದನೆಂದೂ, ಆ ಹುಚ್ಚ ಬಾಜಿ ಕಟ್ಟಿದ ಕುದುರೆ ಗೆದ್ದಿತೋ ಇಲ್ಲವೋ ನೋಡಲು ಜನ ಮರುದಿನವೂ ಪೇಪರು ಕೊಳ್ಳುತ್ತಿದ್ದರೆಂದೂ ಹೇಳಿದೆ. ದಿನಾ ಬರುವ ಕಾಮಿಕ್ಸ್ ಬೇರೂರಿದ್ದು ಹೀಗೆ, ನಮ್ಮ ಇದೇ ಸೀಮೆಯಲ್ಲಿ ಅನ್ನುವಾಗ ನನ್ನ ಎದೆ ಉಬ್ಬಿತ್ತು. ಅಷ್ಟರಲ್ಲಿ ಹಿಂದಿನಿಂದ ಸದ್ದು. ತಿರುಗಿದರೆ ಅಧ್ಯಕ್ಷರು ಗಾಢ ನಿದ್ದೆಯಲ್ಲಿ ಗೊರಕೆ ಹೊಡೆಯುತ್ತಿದ್ದಾರೆ.

ನಾನು ಮಾತು ನಿಲ್ಲಿಸಿದೆ. ಪೆನ್ನು ತೆಗೆದುಕೊಂಡು ಬೋರ್ಡಿನ ಮೇಲೆ, ಸರಿಯಾಗಿ ಅವರ ತಲೆಯ ಮೇಲ್ಗಡೆ, ಒಂದು ದಿಮ್ಮಿ ಮತ್ತು ಗರಗಸ ಬರೆದೆ.

ಗರಗಸದ ಅರ್ಥ ನಾನು ಸಭೆಯಲ್ಲಿ ಯಾರಿಗೂ ಹೇಳಿರಲಿಲ್ಲ. ಆದರೂ ಮುಂದೆ ಕೂತಿದ್ದ ಮಕ್ಕಳು "ಹೀ ಈಸ್ ಸ್ನೋರಿಂಗ್!" ಅಂತ ಕೂಗಿದರು. ಇಡೀ ಸಭೆ ಗೊಳ್ಳೆಂದಿತು, ಚಪ್ಪಾಳೆ ಬೇರೆ.

ಅಧ್ಯಕ್ಷರು ದಡಬಡಿಸಿ ಎದ್ದರು. ನನ್ನ ಭಾಷಣ ಮುಗಿಯಿತೆಂದುಕೊಂಡು ಶಾಲು ಸರಿಮಾಡಿಕೊಂಡು ಮೈಕ್ ಹಿಡಿದರು.

"ಛಲೋ ಮಾತಾಡಿದ್ರಿ ಅಕ್ಕಾರ. ಆದ್ರ ಆ ಹಳೇ ಕಲಾವಿದರ ಪ್ರಭಾವ ಇವತ್ತಿಗೂ ಉಳದದ ಅನ್ನಲಿಕ್ಕೆ ಪುರಾವೆ ಏನ್ರಿ?"

ಜನ ಕುರ್ಚಿಯಿಂದ ಬೀಳುವುದೊಂದು ಬಾಕಿ.

"ಹಿಂದೆ ತಿರುಗಿ ನೋಡಿ ಸರ್" ಅಂದೆ.

ಅವರು ತಿರುಗಿ, ಕನ್ನಡಕ ಹಾಕಿಕೊಂಡು, ಬಹಳ ಹೊತ್ತು ನೋಡಿದರು.

"ಇದೇನ್ರಿ ಇದು, ಬಡಗಿ ಕೆಲಸ?"

"ನಾನೂ ಮೊದಲು ಹಾಗೇ ತಿಳಿದಿದ್ದೆ. ಕೂತ್ಕೊಳ್ಳಿ ಸರ್, ತಿದ್ದಿ ಹೇಳ್ತೀನಿ."