ಮುಂಗಡ ಸಂತಾಪ

ಸತ್ತವರಿಗೆ ಗೌರವ ಸಲ್ಲಿಸುವುದರಲ್ಲಿ ನಮ್ಮ ನಗರಸಭೆಯನ್ನು ಮೀರಿಸುವ ಸಂಸ್ಥೆ ಇನ್ನೊಂದಿಲ್ಲ ಎಂಬುದು ದಾಖಲೆಗಳಿಂದ ಸಾಬೀತಾದ ಸಂಗತಿ. ಸತತ ಒಂಬತ್ತು ತಿಂಗಳು, ಒಂಬತ್ತು ಸಾಮಾನ್ಯ ಸಭೆಗಳನ್ನು ನಾವು ಸಂತಾಪ ಸೂಚಿಸಿ, ಎರಡು ನಿಮಿಷ ಮೌನ ಆಚರಿಸಿ, ಮೃತರ ಗೌರವಾರ್ಥ ಮುಂದೂಡಿದ್ದೇವೆ. ಹನ್ನೊಂದು ಗಂಟೆಗೆ ಸೇರಿದ ಸಭೆ ಹನ್ನೊಂದೂ ಹತ್ತಕ್ಕೆ ಮುಗಿದು, ಹನ್ನೊಂದೂ ಕಾಲಿಗೆ ಎಲ್ಲರ ಕೈಗೂ ಚಹಾ ಬಂದಿರುತ್ತಿತ್ತು. ಇದನ್ನು ಬರೆಯುತ್ತಿರುವ ನಾನು ಸದರಿ ನಗರಸಭೆಯ ನಡವಳಿ ಗುಮಾಸ್ತ. ಸಂತಾಪದ ಒಕ್ಕಣೆಯೂ ನನ್ನದೇ. ಜಂಬ ಕೊಚ್ಚಿಕೊಳ್ಳುತ್ತಿಲ್ಲ, ಆದರೆ 'ತುಂಬಲಾರದ ನಷ್ಟ' ಎಂಬ ಮಾತನ್ನು ಒಂಬತ್ತು ಸಲವೂ ಬೇರೆ ಬೇರೆ ಸಾಲಿನಲ್ಲಿಟ್ಟು ಬರೆಯುವುದು ಎಲ್ಲರಿಗೂ ಬರುವ ವಿದ್ಯೆಯಲ್ಲ.

ಮೊದಲು ಹೀಗಿರಲಿಲ್ಲ. ಸದಸ್ಯರು ತೀರಿಕೊಂಡರೆ ಮಾತ್ರ ಸಭೆ ಮುಂದೂಡುವ ಪದ್ಧತಿ ಇತ್ತು. ಅಧ್ಯಕ್ಷರ ಸೋದರಮಾವ ಮಹಡಿ ಮೆಟ್ಟಿಲಿನಿಂದ ಜಾರಿ ಬಿದ್ದು ತೀರಿಕೊಂಡಾಗ ಅವರಿಗಾಗಿಯೂ ಒಂದು ಸಭೆ ಮುಂದೂಡಲಾಯಿತು. ಆಗ ಎದ್ದು ನಿಂತವರು ಕ್ರಿಯಾಲೋಪದವರು. ಅವರು ವಿರೋಧ ಪಕ್ಷದ ಹಿರಿಯ ಸದಸ್ಯರು. ಯಾವ ಮಾತಿಗೂ ಮುಂಚೆ "ಕ್ರಿಯಾಲೋಪ, ಅಧ್ಯಕ್ಷರೇ" ಎಂದು ಏಳುವುದರಿಂದ ಮನೆಯವರೂ ಅವರನ್ನು ಹಾಗೆಯೇ ಕರೆಯುತ್ತಾರೆ ಎಂದು ಕೇಳಿದ್ದೇನೆ. "ನಿಮ್ಮ ಮಾವನಿಗೊಂದು ನ್ಯಾಯ, ನಮ್ಮ ವಾರ್ಡಿನೋರಿಗೊಂದು ನ್ಯಾಯವಾ?" ಎಂದು ಅವರು ಮೇಜು ಗುದ್ದಿದರು. ಪರಿಣಾಮವಾಗಿ ನಿಯಮ ನಲವತ್ತೊಂದು ಬಂತು: ನಗರದ ಯಾವುದೇ ನಿವಾಸಿ ಅಪಘಾತದಿಂದ ಮೃತಪಟ್ಟಲ್ಲಿ, ಮುಂದಿನ ಸಭೆಯು ಸಂತಾಪ ಸೂಚಿಸಿ, ಬೇರೆ ಯಾವ ವಿಷಯವನ್ನೂ ಚರ್ಚಿಸದೆ ಮುಂದೂಡಲ್ಪಡತಕ್ಕದ್ದು. ಸದಸ್ಯರ ಸಭಾಭತ್ಯೆ ಪೂರ್ತಿ ಸಲ್ಲತಕ್ಕದ್ದು, ಏಕೆಂದರೆ ದುಃಖಿಸುವುದೂ ಸಭೆಯ ಕಲಾಪವೇ. ನಿಯಮ ಸರ್ವಾನುಮತದಿಂದ ಅಂಗೀಕಾರವಾಯಿತು. ಆಡಳಿತ ಪಕ್ಷವೂ ವಿರೋಧ ಪಕ್ಷವೂ ಒಂದಾದದ್ದನ್ನು ನಾನು ನನ್ನ ಸರ್ವಿಸ್ಸಿನಲ್ಲಿ ಅದೇ ಮೊದಲ ಸಲ ಕಂಡದ್ದು.

ಇನ್ನು ಕಾರ್ಯಸೂಚಿಯ ವಿಷಯ ಸಂಖ್ಯೆ ಏಳಕ್ಕೆ ಬರುತ್ತೇನೆ. ಊರಂಚಿನ ಬೈಪಾಸ್ ರಸ್ತೆಯ ಈಚೆಗೆ ಒಂದು ಬೀದಿ ಇದೆ, ಆಚೆಗೆ ಶಾಲೆ ಇದೆ, ನಡುವೆ ಲಾರಿಗಳಿವೆ. ಬೀದಿಯವರು ಅಲ್ಲಿಗೆ ಎರಡು ಹಂಪು, ಒಂದು ದೀಪ ಕೇಳಿ ಅರ್ಜಿ ಕೊಟ್ಟಿದ್ದರು. ಹಣವನ್ನೂ ತೆಗೆದಿರಿಸಲಾಗಿತ್ತು. ಸಭೆ ಒಮ್ಮೆ ಚರ್ಚಿಸಿ ಹೂಂ ಎಂದರೆ ಮುಗಿಯುವ ಕೆಲಸ. ಅರ್ಜಿಯ ಹಿಂದೆ ಬಿದ್ದವಳು ಆ ಬೀದಿಯ ಇಸ್ತ್ರಿ ಅಂಗಡಿಯಾಕೆ. ಅವಳ ಮಗಳು ಎಂಟು ವರ್ಷದವಳು, ಮೂರನೇ ತರಗತಿ. ದಿನಕ್ಕೆ ಎರಡು ಸಲ ಆ ರಸ್ತೆ ದಾಟಬೇಕು. ತಾಯಿ ಪ್ರತಿ ಸಭೆಗೂ ಮಗಳನ್ನು ಕರೆದುಕೊಂಡು ಬಂದು ಸಾರ್ವಜನಿಕರ ಬೆಂಚಿನ ತುದಿಯಲ್ಲಿ ಕೂರುತ್ತಿದ್ದಳು.

ಮೊದಲ ತಿಂಗಳು ವಿಷಯ ಚರ್ಚೆಗೆ ಬರಬೇಕು ಎನ್ನುವಾಗ, ಅದೇ ರಸ್ತೆಯಲ್ಲಿ ನಿವೃತ್ತ ಪೋಸ್ಟ್‌ಮ್ಯಾನ್ ಒಬ್ಬರು ಲಾರಿಗೆ ಸಿಕ್ಕು ತೀರಿಕೊಂಡರು. ಸಭೆ ಮುಂದೂಡಲಾಯಿತು. ಎರಡನೇ ತಿಂಗಳು ಅದೇ ರಸ್ತೆಯಲ್ಲಿ, ಆ ಬೀದಿಯ ಬೀಗ ರಿಪೇರಿಯವನ ಅಣ್ಣ. ಮುಂದೂಡಲಾಯಿತು. ಮೂರನೇ ತಿಂಗಳು ಹಾಲು ಹಾಕುವಾಕೆ. ಆ ಹೊತ್ತಿಗೆ ಇಸ್ತ್ರಿ ಅಂಗಡಿಯಾಕೆಯ ತಾಳ್ಮೆ ಕಡಿಮೆಯಾಗತೊಡಗಿತ್ತು. ಮೌನಾಚರಣೆ ಮುಗಿದದ್ದೇ ನನ್ನ ಮೇಜಿನ ಹತ್ತಿರ ಬಂದಳು.

"ಸಾರ್, ನಮ್ ವಿಷ್ಯ ಯಾವಾಗ ತಗೋತಾರೆ?"

"ದುಃಖದ ಸಮಯದಲ್ಲಿ ಹೀಗೆಲ್ಲ ಕೇಳಬಾರದಮ್ಮಾ."

"ದುಃಖ ನಮ್ ಬೀದೀದು ಸಾರ್. ಹಾಲಿನಾಕೆ ನಮ್ಮನೆ ಎದುರು ಮನೆಯೋಳು. ಹಂಪಿದ್ದಿದ್ರೆ ಬದುಕ್ತಿದ್ಳು."

"ಅದನ್ನೇ ಸಭೆಯಲ್ಲಿ ಹೇಳಿ."

"ಸಭೆ ಮುಂದೂಡಿದ್ರಲ್ಲ?"

"ಅವಳ ಗೌರವಾರ್ಥ" ಎಂದೆ. ಅವಳು ಮಗಳ ಕೈ ಹಿಡಿದು ಹೊರಟಳು. ಒಕ್ಕಣೆ ಹೇಗಿತ್ತು ಎಂದು ಒಂದು ಮಾತೂ ಆಡಲಿಲ್ಲ.

ಐದನೇ ತಿಂಗಳಿಗೆ ಸಂತಾಪದ ಖಾತೆಯಲ್ಲಿ ಹಣ ಖಾಲಿಯಾಯಿತು. ಮೃತರ ಫೋಟೋಗೆ ಕಟ್ಟು ಹಾಕಿಸಿ ಮನೆಯವರಿಗೆ ತಲುಪಿಸುವುದು ಕ್ರಮ. ಕಟ್ಟು ಹಾಕುವ ಗುತ್ತಿಗೆ ಅಧ್ಯಕ್ಷರ ಭಾವಮೈದುನನದು. ಅವರು ತೇಗದ ಮರವನ್ನೇ ಬಳಸುತ್ತಿದ್ದರು, ಬಿಲ್ಲಿನಲ್ಲಂತೂ ಹಾಗೇ ಇರುತ್ತಿತ್ತು. ಅಧ್ಯಕ್ಷರು ತುರ್ತು ಅಧಿಕಾರ ಬಳಸಿ, ಚರ್ಚೆಯಾಗದೆ ಕೊಳೆಯುತ್ತಿದ್ದ ಹಂಪಿನ ಹಣದಲ್ಲಿ ಅರ್ಧವನ್ನು ಸಂತಾಪದ ಖಾತೆಗೆ ವರ್ಗಾಯಿಸಿದರು. ಇದರಲ್ಲಿ ತಪ್ಪು ಹುಡುಕುವವರಿಗೆ ಒಂದೇ ಮಾತು: ಆ ಹಣ ಆ ಬೀದಿಯವರಿಗೇ ಖರ್ಚಾಯಿತು, ಒಂದು ಪೈಸೆ ಬೇರೆ ವಾರ್ಡಿಗೆ ಹೋಗಲಿಲ್ಲ.

ಒಂಬತ್ತನೇ ಸಭೆಯೂ ಮುಂದೂಡಿದ ದಿನ ಇಸ್ತ್ರಿ ಅಂಗಡಿಯಾಕೆ ಮತ್ತೆ ಬಂದಳು.

"ಸಾರ್, ಒಂದ್ ತಿಂಗ್ಳು ಯಾರೂ ಸಾಯ್ದೇ ಇದ್ರೆ?"

ನಾನು ನಿಯಮಾವಳಿ ತೆಗೆದು ನೋಡಿದೆ. "ಆಗ ವಿಷಯ ಸಂಖ್ಯೆ ಏಳು ಬಂದೇ ಬರುತ್ತೆ."

"ಹಂಗಾದ್ರೆ ಸಾಯಲ್ಲ ಬಿಡಿ" ಎಂದು ಹೇಳಿ ಹೋದಳು.

ಆಮೇಲೆ ನಡೆದದ್ದನ್ನು ಊರೇ ನೋಡಿದೆ. ಮರುದಿನದಿಂದ ಅವಳು ಅಂಗಡಿ ಮುಚ್ಚಿದಳು. ಒಂದು ಕೆಂಪು ಚಾದರವನ್ನು ಕೋಲಿಗೆ ಕಟ್ಟಿಕೊಂಡು ಬೆಳಗ್ಗೆ ಆರರಿಂದ ಕತ್ತಲಾಗುವ ತನಕ ಬೈಪಾಸಿನಲ್ಲಿ ನಿಂತಳು. ಬೀದಿಯವರು ಒಬ್ಬೊಬ್ಬರೇ ದಾಟುವುದನ್ನು ಬಿಟ್ಟು ಅರ್ಧ ಗಂಟೆಗೊಮ್ಮೆ ಗುಂಪಾಗಿ ಸೇರುತ್ತಿದ್ದರು. ಇವಳು ಚಾದರ ಬೀಸಿ ರಸ್ತೆ ಮಧ್ಯಕ್ಕೆ ಇಳಿಯುತ್ತಿದ್ದಳು, ಲಾರಿಯವರು ಬ್ರೇಕ್ ಒತ್ತಿ ಬಾಯಿಗೆ ಬಂದಂತೆ ಬೈಯುತ್ತಿದ್ದರು, ಅಷ್ಟರಲ್ಲಿ ಎಲ್ಲರೂ ಜೀವ ಕೈಯಲ್ಲಿ ಹಿಡಿದು ಆಚೆ ಸೇರುತ್ತಿದ್ದರು. ಕತ್ತಲಾದ ಮೇಲೆ ಯಾರಿಗೆ ಏನೇ ಆಗಲಿ ದಾಟಕೂಡದು ಎಂದು ಬೀದಿಯೇ ತೀರ್ಮಾನಿಸಿತ್ತು. ಅವಳ ಗಿರಾಕಿಗಳೆಲ್ಲ ಬೇರೆ ಅಂಗಡಿ ನೋಡಿಕೊಂಡರು. ಬಿಸಿಲಿಗೆ ಮುಖ ಕಪ್ಪಿಟ್ಟಿತು. ಆದರೆ ಮೂವತ್ತೊಂದು ದಿನ ಯಾರೂ ಸಾಯಲಿಲ್ಲ.

ಹತ್ತನೇ ಸಭೆಯಲ್ಲಿ ಓದಲು ನನ್ನ ಕೈಯಲ್ಲಿ ಸಂತಾಪವೇ ಇರಲಿಲ್ಲ. ಅಭ್ಯಾಸಬಲದಿಂದ ಎದ್ದು ನಿಂತ ಸದಸ್ಯರು ಮುಖಮುಖ ನೋಡಿಕೊಂಡರು. ಕೆಲವರು ಮನೆಗೆ ಹೋಗುವ ಆಟೋ ಕೆಳಗೆ ನಿಲ್ಲಿಸಿಯೇ ಬಂದಿದ್ದರು. ಕೊನೆಗೆ ಅಧ್ಯಕ್ಷರು ಬೇರೆ ದಾರಿ ಕಾಣದೆ ವಿಷಯಗಳನ್ನು ಕೈಗೆತ್ತಿಕೊಂಡರು. ಏಳನೆಯದು ಬಂದಾಗ ಎಂಜಿನಿಯರ್ ತಮ್ಮ ವರದಿ ಓದಿದರು.

"ಸದರಿ ಸ್ಥಳದಲ್ಲಿ ಕಳೆದ ಮೂವತ್ತು ದಿನಗಳಲ್ಲಿ ಯಾವುದೇ ಸಾವು ಸಂಭವಿಸಿರುವುದಿಲ್ಲ. ಆದಕಾರಣ ಅದನ್ನು ಅಪಘಾತ ವಲಯ ಎಂದು ಪರಿಗಣಿಸಲು ಬರುವುದಿಲ್ಲ. ಅಪಘಾತ ವಲಯವಲ್ಲದ ಕಡೆ ಹಂಪು ಹಾಕಲು ಅನುದಾನ ಬಳಸುವಂತಿಲ್ಲ."

ಇಸ್ತ್ರಿ ಅಂಗಡಿಯಾಕೆ ಬೆಂಚಿನಿಂದ ಎದ್ದಳು. ಸಾರ್ವಜನಿಕರು ಮಾತಾಡುವಂತಿಲ್ಲವಾದರೂ, ಬೇಗ ಮನೆಗೆ ಹೋಗುವ ಅವಸರದಲ್ಲಿ ಅವಳನ್ನು ಯಾರೂ ತಡೆಯಲಿಲ್ಲ.

"ಸಾಯ್ಲಿಲ್ಲ ಅಂದ್ರೆ, ನಾನು ಅಲ್ಲಿ ನಿಂತಿದ್ದೆ ಸಾರ್! ದಿನಾ ನಿಂತ್ಕೊಳಕ್ಕಾಗುತ್ತಾ? ನಾನು ಹೊಟ್ಟೆಗೇನು ತಿನ್ಲಿ?"

"ನಿಂತದ್ದು ಬಹಳ ಒಳ್ಳೆಯ ಕೆಲಸ" ಎಂದರು ಎಂಜಿನಿಯರ್. "ಆದರೆ ಅದರಿಂದ ಅಂಕಿಅಂಶ ಕೆಟ್ಟಿತು."

"ಹಂಗಾದ್ರೆ ಈಗ ಒಬ್ರು ಸಾಯ್ಬೇಕಾ?"

"ಸಾಯಬೇಕು ಅಂತ ನಾವು ಹೇಳೋಕಾಗಲ್ಲಮ್ಮಾ. 'ಸಂಭವಿಸಿರಬೇಕು' ಅಂತಷ್ಟೇ ಇದೆ."

"ಸತ್ರೆ ಸಭೆ ಮುಂದೂಡ್ತೀರಿ. ಸಾಯ್ದಿದ್ರೆ ಹಂಪು ಬೇಡ ಅಂತೀರಿ. ಮತ್ತೆ ಯಾವಾಗ ಹಾಕ್ತೀರಿ ಸಾರ್?"

ಕ್ರಿಯಾಲೋಪದವರು ಮೆಲ್ಲಗೆ ಎದ್ದು, ಎರಡೂ ನಿಯಮಗಳು ಬೇರೆ ಬೇರೆ ಪುಸ್ತಕದಲ್ಲಿರುವುದರಿಂದ ಅವುಗಳ ನಡುವೆ ಯಾವ ವಿರೋಧವೂ ಇಲ್ಲ ಎಂದು ಸ್ಪಷ್ಟಪಡಿಸಿ ಕೂತರು.

ನಮ್ಮ ಅಧ್ಯಕ್ಷರು ಕಲ್ಲುಹೃದಯದವರಲ್ಲ. ಬಡವರ ಕಷ್ಟ ಕಂಡರೆ ಕರಗಿ ನೀರಾಗುತ್ತಾರೆ, ಚುನಾವಣೆ ಹತ್ತಿರವಿದ್ದರೆ ಇನ್ನೂ ಬೇಗ. ಗಲ್ಲಕ್ಕೆ ಕೈಕೊಟ್ಟು ಯೋಚಿಸಿ ಒಂದು ದಾರಿ ಹುಡುಕಿದರು. ಸಾವು ಆದಮೇಲೆ ಸಂತಾಪ ಸೂಚಿಸುವುದರಿಂದ ತಾನೇ ಸಭೆ ನಿಲ್ಲುವುದು? ಬೀದಿಯವರಿಗೆಲ್ಲ ಈಗಲೇ ಸಂತಾಪ ಸೂಚಿಸಿಬಿಟ್ಟರೆ, ಮುಂದೆ ಯಾರಾದರೂ ತೀರಿಕೊಂಡಾಗ ಸಭೆ ನಿಲ್ಲಿಸುವ ಪ್ರಮೇಯವೇ ಇಲ್ಲ. ಸಾವೂ ಇರುತ್ತದೆ, ಸಭೆಯೂ ಇರುತ್ತದೆ, ಹಂಪೂ ಆಗುತ್ತದೆ. ಇದಕ್ಕೆ 'ಮುಂಗಡ ಸಂತಾಪ ಯೋಜನೆ' ಎಂದು ಸ್ಥಳದಲ್ಲೇ ಹೆಸರಿಡಲಾಯಿತು. ಸದಸ್ಯರು ಮೇಜು ಕುಟ್ಟಿ ಸ್ವಾಗತಿಸಿದರು.

ಇಸ್ತ್ರಿ ಅಂಗಡಿಯಾಕೆ ಬಹಳ ಹೊತ್ತು ತಲೆ ಕೆಡಿಸಿಕೊಂಡಳು. ಎಲ್ಲಿ ನೋಡಿದರೂ ಲೆಕ್ಕ ಸರಿಯಾಗಿಯೇ ಇತ್ತು. ಯಾರೋ ಒಬ್ಬರು ಹೋಗಬೇಕು, ಅಷ್ಟೇ, ಆಮೇಲೆ ಉಳಿದವರು ನಿಶ್ಚಿಂತೆ. "ಆಯ್ತು ಸಾರ್. ಏನೇನು ಬೇಕು ಹೇಳಿ" ಎಂದಳು.

ನಮೂನೆಯನ್ನು ನಾನೇ ತಯಾರಿಸಿದೆ. ಹೆಸರು, ವಯಸ್ಸು, ಮನೆ ನಂಬರು, ಎರಡು ಫೋಟೋ, ಮೃತರ ಸದ್ಗುಣಗಳು ಮೂರು. ದಿನಾಂಕದ ಜಾಗ ಖಾಲಿ. ಬೀದಿಯವರು ಸಾಲಾಗಿ ನಿಂತು ತುಂಬಿಸಿ ಕೊಟ್ಟರು. ತಮಗೆ ಗೊತ್ತಿಲ್ಲದ ಸದ್ಗುಣಗಳನ್ನು ಪಕ್ಕದ ಮನೆಯವರನ್ನು ಕೇಳಿ ಬರೆದರು. ಬೀಗ ರಿಪೇರಿಯವನು ತನ್ನ ಹೆಂಡತಿಗೆ ಒಂದೇ ಸದ್ಗುಣ ಬರೆದನೆಂದು ಸಣ್ಣ ಜಗಳವಾಯಿತು, ಮತ್ತೆರಡನ್ನು ನಾನು ಸೇರಿಸಿದೆ. ಇಸ್ತ್ರಿ ಅಂಗಡಿಯಾಕೆ ಮಗಳ ನಮೂನೆ ಹಿಡಿದು ಬಂದಾಗ ಮೂರೂ ಜಾಗದಲ್ಲಿ ಒಂದೇ ಸಾಲು ಇತ್ತು: ತುಂಬಾ ಮಾತಾಡ್ತಾಳೆ.

"ಇದು ಸದ್ಗುಣವಲ್ಲಮ್ಮಾ. 'ಮಿತಭಾಷಿ' ಅಂತ ಹಾಕ್ತೀನಿ. ಸತ್ತವರಿಗೆಲ್ಲ ಅದನ್ನೇ ಹಾಕೋದು."

"ಅವಳು ಹಂಗಿಲ್ಲ ಸಾರ್" ಎಂದಳು. ನಾನು ಹಾಕಿದೆ.

ಒಟ್ಟು ಇನ್ನೂರಾ ಹನ್ನೆರಡು ನಮೂನೆಗಳಾದವು. ಅಧ್ಯಕ್ಷರ ಭಾವಮೈದುನರು ಇನ್ನೂರಾ ಹನ್ನೆರಡು ಕಟ್ಟುಗಳಿಗೆ ಅಳತೆ ತೆಗೆದುಕೊಂಡರು. ಹಂಪಿನ ಉಳಿದರ್ಧ ಹಣ ಸರಿಯಾಗಿ ಸಾಲುತ್ತಿತ್ತು.

ಹನ್ನೊಂದನೇ ಸಭೆಗೆ ಬೀದಿಗೆ ಬೀದಿಯೇ ಬಂದಿತ್ತು. ಇದ್ದ ಒಳ್ಳೆಯ ಬಟ್ಟೆ ಉಟ್ಟುಕೊಂಡು ಬೆಂಚು, ಬಾಗಿಲು, ಕಿಟಕಿ ತುಂಬ ನಿಂತಿದ್ದರು. ನಾನು ಪಟ್ಟಿ ಬಿಚ್ಚುವಷ್ಟರಲ್ಲಿ ಕ್ರಿಯಾಲೋಪದವರು ಎದ್ದರು.

"ಕ್ರಿಯಾಲೋಪ, ಅಧ್ಯಕ್ಷರೇ. ಸಂತಾಪ ಸೂಚಿಸಿದರೆ ಸಭೆ ಮುಂದೂಡಬೇಕು. ಒಬ್ಬರಿಗೆ ಒಂದು ಸಭೆ. ಇಲ್ಲಿ ಇನ್ನೂರಾ ಹನ್ನೆರಡು ಮಂದಿ ಇದ್ದಾರೆ. ಇಷ್ಟು ಜನರಿಗೆ ಒಂದೇ ಸಭೆ ಮುಂದೂಡಿ ಕೈತೊಳೆದುಕೊಂಡರೆ ಬಡವರಿಗೆ ಅವಮಾನ ಮಾಡಿದಂತಾಗುತ್ತೆ."

ಅಧ್ಯಕ್ಷರು ನನ್ನ ಕಡೆ ನೋಡಿದರು. ನಾನು ಲೆಕ್ಕ ಹಾಕಿದೆ. ತಿಂಗಳಿಗೊಂದರಂತೆ ಹದಿನೇಳು ವರ್ಷ ಎಂಟು ತಿಂಗಳು. ಭತ್ಯೆ ಸಹಿತ. ಸಭೆ ಸರ್ವಾನುಮತದಿಂದ ಒಪ್ಪಿತು. ಹಿಂದೆ ನಿಂತಿದ್ದ ಬೀದಿಯವರೂ ಚಪ್ಪಾಳೆ ತಟ್ಟಿದರು. ತಮಗಾಗಿ ಯಾರೂ ಇಷ್ಟು ದೊಡ್ಡ ಗೌರವ ಮಾಡಿದ್ದಿಲ್ಲ ಎಂದು ಬೀಗ ರಿಪೇರಿಯವನು ಕಣ್ಣೊರೆಸಿಕೊಂಡ. ಇಸ್ತ್ರಿ ಅಂಗಡಿಯಾಕೆ ಬೆರಳು ಮಡಿಸಿ ಎಣಿಸುತ್ತಿದ್ದಳು.

"ಅಷ್ಟೊತ್ತಿಗೆ ಇವಳಿಗೆ ಇಪ್ಪತ್ತೈದು ದಾಟಿರುತ್ತೆ" ಎಂದಳು, ಯಾರಿಗೆಂದಿಲ್ಲದೆ.

"ಆಗ ಶಾಲೆಗೆ ಹೋಗೋ ಪ್ರಶ್ನೆಯೇ ಇರಲ್ಲ ತಾಯಿ" ಎಂದರು ಎಂಜಿನಿಯರ್. "ನಿಮ್ಮ ಸಮಸ್ಯೆ ಪೂರ್ತಿ ಬಗೆಹರಿದ ಹಾಗೆ."

ಅವಳು ತಲೆಯಾಡಿಸಿದಳು. ಚಪ್ಪಾಳೆ ತಟ್ಟುತ್ತಿದ್ದ ಅಕ್ಕಪಕ್ಕದವರನ್ನು ನೋಡಿ ತಾನೂ ಎರಡು ಸಲ ತಟ್ಟಿದಳು.

ಎಲ್ಲರೂ ಎದ್ದು ನಿಂತರು. ನಾನು ಮನೆ ನಂಬರಿನ ಕ್ರಮದಲ್ಲಿ ಮೃತರ ಹೆಸರು ಓದುತ್ತಾ ಹೋದೆ. ನೂರಾ ನಲವತ್ತರ ತನಕ ಯಾವ ತೊಡಕೂ ಆಗಲಿಲ್ಲ. ನೂರಾ ನಲವತ್ತೊಂದಕ್ಕೆ ಆ ಮಗುವಿನ ಹೆಸರು ಬಂತು. ಓದಿದೆ.

"ಬಂದಿದ್ದೀನಿ ಸಾರ್!" ಎಂದಳು ಹುಡುಗಿ, ಕೈಯೆತ್ತಿ.

ಶಾಲೆಯಲ್ಲಿ ಹಾಗೇ ಹೇಳಿಕೊಟ್ಟಿದ್ದಾರೆ, ಅವಳ ತಪ್ಪೇನಿಲ್ಲ. ಆದರೆ ನಾನು ಪಟ್ಟಿ ಕೆಳಗಿಟ್ಟು ಅಧ್ಯಕ್ಷರ ಕಡೆ ನೋಡಿದೆ. ಅಧ್ಯಕ್ಷರು ಕನ್ನಡಕ ತೆಗೆದು ಹುಡುಗಿಯನ್ನು ನೋಡಿ, ಮೃತರು ಉತ್ತರ ಕೊಡುವ ಪದ್ಧತಿ ಇಲ್ಲವೆಂದೂ, ಸದರಿ ಮಾತನ್ನು ಕಡತದಿಂದ ತೆಗೆದುಹಾಕಬೇಕೆಂದೂ ರೂಲಿಂಗ್ ಕೊಟ್ಟರು. ನಾನು ತೆಗೆದುಹಾಕಿದೆ.

ಇಸ್ತ್ರಿ ಅಂಗಡಿಯಾಕೆ ಮಗಳನ್ನು ಹತ್ತಿರಕ್ಕೆ ಎಳೆದುಕೊಂಡು ಬಾಯಿಗೆ ಅಂಗೈ ಮುಚ್ಚಿದಳು. ಮುಂದಿನ ಹೆಸರು ಅವಳದೇ. ಓದಿದೆ. ಅವಳು ನೆಟ್ಟಗೆ ನಿಂತುಕೊಂಡು, ನನ್ನನ್ನೇ ನೋಡುತ್ತಾ, ಏನೂ ಹೇಳಲಿಲ್ಲ. ಉಳಿದವರೂ ಯಾರೂ ಹೇಳಲಿಲ್ಲ.